ಅದಲು ಬದಲು ಮುಳ್ಳು

ಜಾಲಹಳ್ಳಿ ಮೆಟ್ರೋ ಕೆಳಗೆ, ಕಬ್ಬಿನಹಾಲಿನ ಗಾಡಿ ಪಕ್ಕ
ತಿಂಗಳ ಮೊದಲ ಭಾನುವಾರ ಸೇರುತ್ತೇವೆ
ಎಚ್‌ಎಂಟಿಯಲ್ಲಿ ಕಣ್ಣು ಸವೆಸಿದವರು:
ಫಿಲೋಮಿನಾ, ಸುಗುಣಾಬಾಯಿ, ನಾನು,
ಮಂಡಿ ಮಾತು ಕೇಳಿದರೆ ಮುಮ್ತಾಜೂ.
"ಏನೇ ನೋಡ್ಕೊಂಡ್ ಬಂದೆ ಆಸ್ಟ್ರಿಯಾದಲ್ಲಿ?"
ಇಪ್ಪತ್ತೊಂಬತ್ತು ವರ್ಷ ಮುಳ್ಳು ಕೂರಿಸಿದವಳು
ಒಂದು ಗಡಿಯಾರ ಓದಲಾರದೆ ಬಂದೆ ಕಣ್ರೇ, ಅಂದೆ.

ಗ್ರಾತ್ಸ್ ಅಂತ ಊರು.
ಎಂಜಲು ಹಾರದ ಹಾಗೆ ಹೇಳೋದಕ್ಕೇ
ಎರಡು ದಿನ ಬೇಕಾಯಿತು ನನಗೆ.
ಕೆಂಪು ಹೆಂಚು, ಹೆಂಚಿನ ಹಿಂದೆ ಹೆಂಚು,
ನಮ್ಮ ಮಂಗಳೂರು ಹೆಂಚಿನ ದಾಯಾದಿಗಳು,
ನಡುವೆ ಅವಸರದ ಒಂದು ಹೊಳೆ,
ಒಂದು ಗುಡ್ಡ, ಗುಡ್ಡಕ್ಕೆ ಇನ್ನೂರ ಅರವತ್ತು ಮೆಟ್ಟಿಲು.
ಟೂರಿನ ಹುಡುಗ ಛತ್ರಿ ಎತ್ತಿ ಕೂಗಿದ:
"ಮೂರಕ್ಕೆ ಬಸ್ಸು. ಬಾರದವರು
ಇಲ್ಲೇ ಯಾರ ಮನೆಗಾದರೂ ಸೊಸೆಯಾಗಿರಿ."

ಹತ್ತಿದೆ. ಗೋಪುರ.
ಆಳೆತ್ತರವಲ್ಲ, ಮನೆಯೆತ್ತರದ ಗಡಿಯಾರ, ಚಿನ್ನದ ಮುಳ್ಳು.
ಗಿಡ್ಡದ್ದು ಮೂರರ ಮೇಲೆ, ಉದ್ದದ್ದು ಎರಡು ದಾಟಿದೆ.
ಅಯ್ಯೋ, ಮೂರು ಹನ್ನೊಂದು!
ಕೈಗಡಿಯಾರದಲ್ಲಿ ಬೆಂಗಳೂರಿನ ಹೊತ್ತೇ ಇತ್ತು,
ತಿರುಗಿಸಲು ಮನಸ್ಸು ಬಂದಿರಲಿಲ್ಲ,
ನಾನೇ ಮುಳ್ಳು ಕೂರಿಸಿದ್ದಲ್ಲವಾ ಅದು.
ಓಡಿದೆ. ಅರವತ್ನಾಲ್ಕರ ಮಂಡಿ, ಸೀರೆ, ಸ್ವೆಟರು, ಬಾಟಾ ಬೂಟು,
ಯಾರೋ ಒಬ್ಬಾಕೆ ಗೋಡೆಗೊರಗಿ ದಾರಿ ಬಿಟ್ಟಳು.
ಹನ್ನೊಂದು ನಿಮಿಷ ಕಳೆದರೂ ಗಂಟೆಮುಳ್ಳು
ಮೂರಕ್ಕೇ ಅಂಟಿಕೊಂಡಿದೆ ಅಂದಾಗಲೇ
ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ.

ಕೆಳಗೆ ಬಸ್ಸೂ ಇಲ್ಲ, ಛತ್ರಿಯೂ ಇಲ್ಲ.
ಬಿಟ್ಟು ಹೋದರು ಅಂತ ಕಲ್ಲುಕಟ್ಟೆಯ ಮೇಲೆ ಕೂತೆ.
ಸೊಂಟದ ಚೀಲದ ಪಾಸ್‌ಪೋರ್ಟು ನಾಲ್ಕು ಸಲ ಮುಟ್ಟಿದೆ.
ಎದುರಂಗಡಿಯವಳು ನನ್ನ ಮುಖ ನೋಡಿ
ಬಟ್ಟಲಲ್ಲಿ ಎಣ್ಣೆ, ಎರಡು ತುಂಡು ಬ್ರೆಡ್ಡು ತಂದಿಟ್ಟಳು.
ಹಸಿರೋ ಕಪ್ಪೋ ಹೇಳಲಾಗದ ಎಣ್ಣೆ, ಕುಂಬಳಬೀಜದ್ದಂತೆ,
ಹುರಿದ ಹುಚ್ಚೆಳ್ಳಿನ ಘಮ.
ನಾನು ಮಣಿಕಟ್ಟು ತೋರಿಸಿದೆ, ಗುಡ್ಡ ತೋರಿಸಿದೆ, ಗಂಟಲುಬ್ಬಿತು.
ಅವಳು ನಗಲಿಲ್ಲ. ಎಣ್ಣೆಬೆರಳಲ್ಲಿ ಮೇಜಿನ ಮೇಲೆ
ಗುಂಡಗೆ ಗೀರಿ, ಒಳಗೆರಡು ಗೆರೆ ಎಳೆದಳು:
ಉದ್ದದ್ದು ಗಂಟೆ. ಗಿಡ್ಡದ್ದು ನಿಮಿಷ.

ಮೊದಲು ಗಂಟೆಗಷ್ಟೇ ಮುಳ್ಳಿತ್ತಂತೆ,
ದೂರದ ಹೊಲದವರಿಗೂ ಕಾಣಲೆಂದು ಉದ್ದ.
ನಿಮಿಷ ಬಂದದ್ದು ಆಮೇಲೆ, ಬಾಡಿಗೆಯವರ ಹಾಗೆ,
ಉಳಿದ ಜಾಗದಲ್ಲಿ ಮುದುಡಿಕೊಂಡು.
ನಮ್ಮ ಪಾಲಿಗೋ ಮೊದಲ ದಿನದಿಂದ
ನಿಮಿಷವೇ ಮನೆ ಯಜಮಾನ.

ಐದೂ ಮುಕ್ಕಾಲು ದಾಟಿತ್ತು ನನ್ನ ಕೈಯಲ್ಲಿ.
ಮೂರೂವರೆ ಕಳೆದೆ. ಇನ್ನೂ ಅರ್ಧ ಗಂಟೆ ಇದೆ!
ಯಾವ ಹಾಜರಿ ಕಾರ್ಡಿಗೂ ಹತ್ತದ ಅರ್ಧ ಗಂಟೆ.
ಏನು ಮಾಡಿದೆ ಅಂತ ಕೇಳಬೇಡಿ.
ಬ್ರೆಡ್ಡು ಅದ್ದಿ ತಿಂದೆ. ಸೀರೆಗೆ ಕಲೆಯಾಯಿತು.
ಇಗೋ, ಇನ್ನೂ ಹೋಗಿಲ್ಲ.

ಬಸ್ಸಿನಲ್ಲಿ ಛತ್ರಿ ಹುಡುಗ ಕತೆ ಹೇಳಿದ:
ಗೆದ್ದ ಸೇನೆ ಗುಡ್ಡದ ಕೋಟೆ ಕೆಡವುವಾಗ
ಊರವರು ವಂತಿಗೆ ಎತ್ತಿ
ಆ ಗಡಿಯಾರದ ಗೋಪುರವನ್ನು ಬಿಡಿಸಿಕೊಂಡರಂತೆ.

ಇಷ್ಟು ಹೇಳಿ ಸುಮ್ಮನಾದೆ.
ತಲೆಯ ಮೇಲೆ ರೈಲು ಹೋಯಿತು.
ನಮ್ಮ ಸೈರನ್ನು ನಿಂತ ವಾರ ನೆನಪಾಯಿತು,
ಅದಿಲ್ಲದೆ ಅನ್ನಕ್ಕೆ ಇಟ್ಟ ನೀರು
ಹತ್ತು ಮನೆಯಲ್ಲಿ ಹೊತ್ತು ಮೀರಿ ಕುದಿದದ್ದು.
"ನಾವೂ ವಂತಿಗೆ ಎತ್ತಬಹುದಿತ್ತು" ಅಂದಳು ಸುಗುಣಾ.
"ನೂರು ರೂಪಾಯಿ ಕೇಳಿದ್ರೆ
ಮೊದಲು ಬಾಗಿಲು ಹಾಕೋಳೇ ನೀನು" ಅಂದಳು ಫಿಲೋಮಿನಾ.

ಅಷ್ಟು ಹೊತ್ತೂ ಬಾಯಿ ಬಿಡದ ಮುಮ್ತಾಜ್,
ತಪಾಸಣೆ ವಿಭಾಗದವಳು, ಲೋಟ ಕೆಳಗಿಟ್ಟು ಕೇಳಿದಳು:
"ಸರಿಯಾಗಿ ನಡೀತಿತ್ತಾ ಅದು?"
ಬಸ್ಸಿನ ಕಿಟಕಿಯಿಂದ ಕೊನೆಗೆ ನೋಡಿದ್ದೆ ನಾನು,
ಕಣ್ಣು ಕಿರಿದು ಮಾಡಿ, ಎರಡು ಮುಳ್ಳೂ ಅದಲು ಬದಲು ಮಾಡಿ.
"ನನ್ನದರ ಲೆಕ್ಕಕ್ಕೆ ಒಂದು ನಿಮಿಷ ಹಿಂದೆ."

ನಾಲ್ವರ ಮುಖವೂ ಅರಳಿತು.
ಇನ್ನೊಂದು ಸುತ್ತು ಕಬ್ಬಿನಹಾಲು ಹೇಳಿದೆವು,
ಐಸು ಬೇಡ, ಶುಂಠಿ ಜಾಸ್ತಿ.